ನಿಧಾನಕ್ಕೊಂದು ನಿದಾನ

ಸಂಸ್ಕೃತದಿಂದ ಕನ್ನಡಕ್ಕೆ ಬಂದು ಅರ್ಥ ಬದಲಿಸಿಕೊಂಡ ಶಬ್ದಗಳಲ್ಲಿ ‘ನಿಧಾನ’ವೂ ಒಂದು. ಮೂಲದಲ್ಲಿ ಅದಕ್ಕೆ ಇಡುವುದು, ಇಟ್ಟ ಸ್ಥಳ, ನಿಧಿ ಎಂದು ಅರ್ಥ. ನಮ್ಮಲ್ಲಿಗೆ ಬಂದ ಮೇಲೆ ಅದು ಮೆಲ್ಲಗೆ, ಸಾವಕಾಶವಾಗಿ ಎಂಬ ಅರ್ಥವನ್ನು ತಾಳಿತು. ‘ನಿಧಾನವೇ ಪ್ರಧಾನ’ ಎಂಬ ಗಾದೆಯಲ್ಲಿ ಒಂದು ಸದ್ಗುಣವೂ ಆಯಿತು. ಆ ಧಕಾರದ ಮಹಾಪ್ರಾಣವನ್ನು ತೆಗೆದರೆ ಬೇರೊಂದು ಶಬ್ದ: ‘ನಿದಾನ’, ಎಂದರೆ ರೋಗದ ಮೂಲಕಾರಣ, ರೋಗದ ಪರೀಕ್ಷೆ. ಮಾಧವಕರನ ವೈದ್ಯಗ್ರಂಥಕ್ಕೆ ‘ಮಾಧವನಿದಾನ’ವೆಂಬ ಹೆಸರು ಬಂದದ್ದು ಇದರಿಂದ. ವಿದ್ಯಾರ್ಥಿಗಳು ಈ ಎರಡನ್ನೂ ಅದಲುಬದಲು ಮಾಡಿ ಬರೆಯುತ್ತಾರೆ. ನಾವು ಕೆಂಪು ಮಸಿಯಿಂದ ತಿದ್ದುತ್ತೇವೆ. ಆದರೆ ಮೊದಲನೆಯದಕ್ಕೆ ಎರಡನೆಯದು ಬೇಕಾಗುವ ಪ್ರಸಂಗವೂ ಉಂಟು. ಮನುಷ್ಯನ ವಿಚಾರವೇ ನಿಧಾನವಾದಾಗ ಅದರ ನಿದಾನವನ್ನು ಹುಡುಕಬೇಕಾಗುತ್ತದೆ. ಈ ಲೇಖನದ ವಿಷಯ ಅದೇ.

ವಿಚಾರದ ವೇಗ ಕುಂದಿದವನಿಗೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಜಡ, ಮಂದ, ದಡ್ಡ, ಮಬ್ಬ, ಮಂಕ, ಸೋಮಾರಿ. ಇವೆಲ್ಲವೂ ಬಯ್ಗುಳಗಳೆಂಬುದನ್ನು ವಾಚಕರು ಗಮನಿಸಬೇಕು. ತಿಳಿವಳಿಕೆ ಇದ್ದೂ, ನೆನಪು ಇದ್ದೂ, ಅದು ಹೊರಗೆ ಬರಲು ತಡವಾಗುತ್ತಿರುವವನಿಗೆ ನಿಂದೆಯಿಲ್ಲದ ಒಂದು ಶಬ್ದವನ್ನು ನಾವು ಮಾಡಿಕೊಂಡಿಲ್ಲ. ಪಾಶ್ಚಾತ್ಯ ವೈದ್ಯರು ಗ್ರೀಕ್ ಭಾಷೆಯ ‘ಬ್ರಾಡಿಸ್’ ಎಂದರೆ ನಿಧಾನ, ‘ಫ್ರೀನ್’ ಎಂದರೆ ಮನಸ್ಸು, ಇವೆರಡನ್ನೂ ಕೂಡಿಸಿ ‘ಬ್ರಾಡಿಫ್ರೀನಿಯ’ ಎಂಬ ಹೆಸರು ಮಾಡಿಕೊಂಡರು. ನಾನು ಅದನ್ನು ‘ವಿಚಾರಮಾಂದ್ಯ’ವೆಂದು ಕರೆಯುತ್ತೇನೆ. ‘ಅಗ್ನಿಮಾಂದ್ಯ’ವೆಂಬ ಶಬ್ದ ಎಲ್ಲರಿಗೂ ಗೊತ್ತಿದ್ದುದೇ. ಅಗ್ನಿಮಾಂದ್ಯವಾದವನ ಹೊಟ್ಟೆಯಲ್ಲಿ ಬೆಂಕಿ ನಂದಿಲ್ಲ, ಉರಿ ಸಣ್ಣದಾಗಿದೆ ಅಷ್ಟೆ. ಉಂಡದ್ದು ಅರಗುತ್ತದೆ, ಹೊತ್ತು ಹಿಡಿಯುತ್ತದೆ. ವಿಚಾರಮಾಂದ್ಯವೂ ಹಾಗೆಯೇ.

ನಮ್ಮ ಅಗಡಿಯ ಒಬ್ಬ ಹಿರಿಯ ಒಕ್ಕಲಿಗರ ಸಂಗತಿಯನ್ನು ಇಲ್ಲಿ ಹೇಳಬೇಕು. ಹೆಸರು ಬೇಡ. ಎಪ್ಪತ್ತರ ಆಸುಪಾಸಿನವರು. ಎರಿ ಹೊಲ, ಹತ್ತಿ, ಮೆಣಸಿನಕಾಯಿ, ಒಂದಿಷ್ಟು ಗೋವಿನಜೋಳ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ, ಮುರಿದು ಮೂಸಿ, ಇದಕ್ಕೆ ಇಷ್ಟು ಧಾರಣೆ ಬಂದೀತೆಂದು ಹೇಳಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಅಂಥವರು ಎರಡು ವರ್ಷಗಳಲ್ಲಿ ಬದಲಾದರು. ದಲಾಲಿ ಅಂಗಡಿಯವನು “ಯಜಮಾನ್ರ, ಈ ಧಾರಣಿಗೆ ಕೊಡಾಕ ಒಪ್ಪಿಗಿ ಐತೇನ್ರಿ?” ಎಂದರೆ ಇವರು ಅವನ ಮುಖವನ್ನೇ ನೋಡುತ್ತ ನಿಲ್ಲುವರು. ಅವನು ಮತ್ತೊಮ್ಮೆ ಕೇಳುವನು. ಮೂರನೆಯ ಸಲ ಮಗನನ್ನು ಕೇಳುವನು. ಮಗ “ಹೂಂ” ಎಂದು ಅಂಗಡಿಯ ಮೆಟ್ಟಿಲಿಳಿದ ಮೇಲೆ ಮುದುಕರು “ಬ್ಯಾಡಾಗಿತ್ತು, ಇನ್ನೆರಡು ದಿನ ತಡೀಬೇಕಿತ್ತು” ಎನ್ನುವರು. ಮಗನಿಗೆ ಸಿಟ್ಟು. “ಆಗ ಬಾಯಿಗೆ ಏನಾಗಿತ್ತು ಯಪ್ಪಾ?” ಎಂದು ಅವನು ಕೇಳಿದ್ದಕ್ಕೂ ಉತ್ತರ ಬರುವಷ್ಟರಲ್ಲಿ ಬಸ್ಸು ಮೋಟೆಬೆನ್ನೂರು ದಾಟಿರುತ್ತಿತ್ತು.

ಮನೆಯಲ್ಲಿಯೂ ಇದೇ ಪಾಡು. ಆಕಾಶವಾಣಿಯ ಪ್ರದೇಶಸಮಾಚಾರವನ್ನು ತಪ್ಪದೆ ಕೇಳುತ್ತಿದ್ದವರು ಕ್ರಮೇಣ ಅದನ್ನು ಬಿಟ್ಟರು. ಕಿವಿ ಮಂದವಾಗಿರಬಹುದೆಂದು ಮನೆಯವರು ರೇಡಿಯೋದ ಧ್ವನಿಯನ್ನು ಏರಿಸಿದರು. ಕಿವಿಗೆ ಏನೂ ಆಗಿರಲಿಲ್ಲ. ಮೊದಲನೆಯ ಸುದ್ದಿ ಮನಸ್ಸಿನಲ್ಲಿ ಇಳಿದು ನೆಲೆಗೊಳ್ಳುವಷ್ಟರಲ್ಲಿ ವಾಚಕರು ಮೂರನೆಯದಕ್ಕೆ ಹೋಗಿರುತ್ತಿದ್ದರು, ನಡುವಿನದು ಕೈತಪ್ಪಿರುತ್ತಿತ್ತು. ನೆರೆಹೊರೆಯವರು ಇದಕ್ಕೆಲ್ಲ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ಅರವತ್ತಕ್ಕೆ ಅರಳುಮರುಳು. ಗಾದೆಗಳ ಮೇಲೆ ನನಗೆ ಗೌರವವಿದೆ. ಮೂವತ್ತು ವರ್ಷ ಅವನ್ನು ಪಾಠ ಹೇಳಿ ಜೀವಿಸಿದ್ದೇನೆ. ಆದರೆ ಈ ಗಾದೆಯೊಂದು ಎಷ್ಟು ಜನ ಮುದುಕರನ್ನು ದವಾಖಾನೆಯ ಬಾಗಿಲವರೆಗೆ ಹೋಗಗೊಡದೆ ಮೂಲೆಯಲ್ಲಿ ಕೂಡಿಸಿದೆಯೋ ಲೆಕ್ಕವಿಲ್ಲ.

ವಿಚಾರಕ್ಕೆ ಹೊತ್ತು ಹಿಡಿಯುತ್ತದೆ ಎಂಬುದೇ ಜಗತ್ತಿಗೆ ತಡವಾಗಿ ತಿಳಿದ ಸಂಗತಿ. ‘ಮನೋವೇಗ’ವೆಂದು ನಮ್ಮ ಕವಿಗಳು ಹೇಳುತ್ತ ಬಂದರು, ಅದಕ್ಕಿಂತ ವೇಗವಾದುದಿಲ್ಲವೆಂದೇ ಎಲ್ಲರ ಭಾವನೆ. 1796ರಲ್ಲಿ ಇಂಗ್ಲಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಮ್ಯಾಸ್ಕಲಿನ್ ಎಂಬ ರಾಜಜ್ಯೋತಿಷಿಯು ಕಿನ್ನೆಬ್ರುಕ್ ಎಂಬ ಸಹಾಯಕನನ್ನು ಕೆಲಸದಿಂದ ತೆಗೆದುಹಾಕಿದನು. ಅವನ ಅಪರಾಧವೇನು? ದುರ್ಬೀನಿನ ತಂತಿಯನ್ನು ನಕ್ಷತ್ರವು ದಾಟುವ ಕ್ಷಣವನ್ನು ಯಜಮಾನನಿಗಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗದಷ್ಟು ತಡವಾಗಿ ಗುರುತು ಮಾಡುತ್ತಿದ್ದುದು. ಪಾಪ, ಅವನು ಮೈಗಳ್ಳನಾಗಿರಲಿಲ್ಲ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಬಗೆಯ ವಿಳಂಬವಿರುತ್ತದೆಂದು ಕೆಲವು ದಶಕಗಳ ತರುವಾಯ ಬೆಸೆಲ್ ಎಂಬ ಜರ್ಮನ್ ಖಗೋಳಜ್ಞನು ತೋರಿಸಿಕೊಟ್ಟನು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬವನು ಕಪ್ಪೆಯ ಕಾಲಿನ ನರದಲ್ಲಿ ಸಂದೇಶವು ಹರಿಯುವ ವೇಗವನ್ನು ಅಳೆದನು. ಸೆಕೆಂಡಿಗೆ ಮೂವತ್ತು ಮೀಟರಿಗಿಂತಲೂ ತುಸು ಕಡಿಮೆ! ಮಿಂಚಿನಂತೆ ಎಂದು ತಿಳಿದಿದ್ದವರಿಗೆ ಇದು ಆಶ್ಚರ್ಯ. 1868ರಲ್ಲಿ ಹಾಲೆಂಡಿನ ಡೋಂಡರ್ಸ್ ಎಂಬ ವೈದ್ಯನು ಇನ್ನೂ ಮುಂದೆ ಹೋದನು. ಎಡಗಾಲಿಗೋ ಬಲಗಾಲಿಗೋ ಸಣ್ಣ ವಿದ್ಯುತ್ತಿನ ಚುರುಕು ಮುಟ್ಟಿಸಿ, ಅದೇ ಬದಿಯ ಕೈಯನ್ನು ಆಡಿಸಲು ಹೇಳಿದನು. ಯಾವ ಕಾಲೆಂದು ಮೊದಲೇ ಗೊತ್ತಿದ್ದಾಗ ಒಂದು ಹೊತ್ತು. ಗೊತ್ತಿಲ್ಲದಾಗ ಇನ್ನಷ್ಟು ಹೊತ್ತು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದು ‘ಎಡವೋ ಬಲವೋ’ ಎಂದು ನಿರ್ಣಯಿಸಲು ಮನಸ್ಸು ತೆಗೆದುಕೊಂಡ ಕಾಲ: ಸೆಕೆಂಡಿನ ಸುಮಾರು ಹದಿನೈದರಲ್ಲೊಂದು ಭಾಗ. ಕೂಡುವ ಕಳೆಯುವ ಲೆಕ್ಕದಿಂದ ಮನಸ್ಸನ್ನು ತೂಗಿದ ಈ ಯುಕ್ತಿಯನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಶಾಲೆಯಲ್ಲಿ ಇದನ್ನು ಸುಲಭವಾಗಿ ಮಾಡಿ ನೋಡಬಹುದು. ನಲವತ್ತು ಮಕ್ಕಳು ವರ್ತುಲಾಕಾರವಾಗಿ ಕೈ ಕೈ ಹಿಡಿದು ಕಣ್ಣು ಮುಚ್ಚಿ ನಿಲ್ಲಬೇಕು. ಒಬ್ಬನು ಬಲಗೈಯವನ ಕೈಯನ್ನು ಹಿಸುಕುವುದು, ಅವನು ತನ್ನ ಬಲಗೈಯವನ ಕೈಯನ್ನು, ಹೀಗೆ ಒಂದು ಸುತ್ತು ಬರಬೇಕು. ಆಟದ ಮಾಸ್ತರರ ಸ್ಟಾಪ್‌ವಾಚು ಸಾಕು. ನಾಲ್ಕಾರು ಸಲ ರೂಢಿಯಾದ ಮೇಲೆ ಸುತ್ತು ಮುಗಿಯಲು ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ. ಎಂದರೆ ಒಬ್ಬೊಬ್ಬನಿಗೆ ಕಾಲು ಸೆಕೆಂಡು. ಸ್ಪರ್ಶವು ತೋಳಿನ ನರದಿಂದ ಮಿದುಳಿಗೆ ಹೋಗಿ, ಅಲ್ಲಿ ಅರಿವಾಗಿ, ಆಜ್ಞೆಯಾಗಿ, ಇನ್ನೊಂದು ತೋಳಿಗೆ ಇಳಿದು ಬೆರಳನ್ನು ಮಡಚಲು ಹಿಡಿಯುವ ಕಾಲವಿದು. ಕನ್ನಡದ ಪಂಡಿತನು ಈ ಪ್ರಯೋಗ ಮಾಡಿಸುತ್ತಿರುವುದನ್ನು ಕಂಡು ವಿಜ್ಞಾನದ ಮಾಸ್ತರರು ನಕ್ಕರು, ನಗಲಿ.

ಈ ಕಾಲು ಸೆಕೆಂಡು ಎಲ್ಲಿ ಎಲ್ಲಿ ಬೆಳೆಯಬಲ್ಲುದು? ಎರಡು ಸ್ಥಾನಗಳನ್ನು ಮುಖ್ಯವಾಗಿ ತಿಳಿದಿದ್ದರೆ ಸಾಕು. ಮಿದುಳಿನ ಮೇಲಣ ಸುಕ್ಕುಗಟ್ಟಿದ ಬೂದುಬಣ್ಣದ ಹೊದಿಕೆಯು ನಮ್ಮ ಭಾಷೆ, ನೆನಪು, ಲೆಕ್ಕಗಳ ಭಂಡಾರ. ಅದರ ಕೆಳಗೆ ಬಿಳಿಯ ತಂತುಗಳ ದೊಡ್ಡ ಕಟ್ಟು. ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ದಾರಿಗಳಿವು. ಈ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಕವಚವಿದೆ. ಕವಚವಿಲ್ಲದ ಸಣ್ಣ ತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಒಂದು ಮೀಟರಿನಂತೆ, ನಾವು ನಡೆಯುವ ಗತಿಯಲ್ಲಿ ಹೋಗುತ್ತದೆ; ದಪ್ಪ ಕವಚದ ತಂತುವಿನಲ್ಲಿ ನೂರು ಮೀಟರನ್ನೂ ಮೀರಬಹುದು. ರಕ್ತದ ಒತ್ತಡ, ಸಿಹಿಮೂತ್ರ, ತಂಬಾಕು ಇವುಗಳಿಂದ ಸೂಕ್ಷ್ಮ ರಕ್ತನಾಳಗಳು ಬಿರುಸಾಗಿ ಕಟ್ಟಿಕೊಂಡಾಗ ಈ ಬಿಳಿಯ ಭಾಗವು ಅಲ್ಲಲ್ಲಿ ಸವೆಯುತ್ತದೆ. ಊರುಗಳೆಲ್ಲ ಹಾಗೆಯೇ ಇವೆ, ರಸ್ತೆಗಳಲ್ಲಿ ತಗ್ಗು ಬಿದ್ದಿವೆ ಎಂದು ಭಾವಿಸಿರಿ. ಎರಡನೆಯ ಸ್ಥಾನವು ಇನ್ನೂ ಆಳದಲ್ಲಿರುವ ಕೆಲವು ಗಂಟುಗಳದು. ಚಲನೆಯನ್ನೂ ವಿಚಾರವನ್ನೂ ಆರಂಭಿಸುವಲ್ಲಿ, ಒಂದರಿಂದ ಇನ್ನೊಂದಕ್ಕೆ ಹೊರಳಿಸುವಲ್ಲಿ ಇವುಗಳ ಪಾತ್ರ ದೊಡ್ಡದು. ಇವುಗಳಿಗೆ ಡೋಪಮಿನ್ ಎಂಬ ರಸವು ಒದಗಬೇಕು. ಅದನ್ನು ಒದಗಿಸುವ ಕಪ್ಪುಬಣ್ಣದ ಜೀವಕೋಶಗಳು ನಶಿಸುತ್ತ ಬಂದಾಗ ಉಂಟಾಗುವುದೇ ಪಾರ್ಕಿನ್‌ಸನ್ ರೋಗ. ನಮ್ಮ ವೈದ್ಯರು ಹೇಳುವ ಕಂಪವಾತ.

1817ರಲ್ಲಿ ಈ ರೋಗವನ್ನು ವರ್ಣಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ನನು ಇಂದ್ರಿಯಗಳಿಗೂ ಬುದ್ಧಿಗೂ ಯಾವ ಹಾನಿಯೂ ಇಲ್ಲವೆಂದು ಬರೆದಿದ್ದನು. ಸುಮಾರು ನೂರು ವರ್ಷ ಈ ಮಾತೇ ನಡೆಯಿತು. ಆಮೇಲೆ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಯುರೋಪಿನಲ್ಲಿ ಒಂದು ವಿಚಿತ್ರ ಮಿದುಳುಜ್ವರವು ಹಬ್ಬಿತು. ಜನ ನಿದ್ರೆಯಲ್ಲಿ ಮುಳುಗುತ್ತಿದ್ದರು; ಬದುಕಿ ಎದ್ದವರಲ್ಲಿ ಅನೇಕರು ಮುಂದೆ ಕಲ್ಲಿನ ಗೊಂಬೆಯಂತೆ ಸ್ತಬ್ಧರಾದರು. 1917ರಲ್ಲಿ ವಿಯೆನ್ನಾದ ಫಾನ್ ಇಕನಾಮೊ ಇದನ್ನು ವರ್ಣಿಸಿದನು. ಗಳಗನಾಥರು ನಮ್ಮ ಅಗಡಿಯ ಆನಂದವನದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದ ಕಾಲದ ಆಚೀಚೆಯ ಮಾತಿದು ಎಂದರೆ ವಾಚಕರಿಗೆ ಅಂದಾಜು ಸಿಕ್ಕೀತು. ಇಂಥ ರೋಗಿಗಳನ್ನು ಪರೀಕ್ಷಿಸಿದ ಜಿನೀವದ ನಾವಿಲ್ ಎಂಬ ವೈದ್ಯನು 1922ರಲ್ಲಿ ‘ಬ್ರಾಡಿಫ್ರೀನಿಯ’ ಶಬ್ದವನ್ನು ಬಳಕೆಗೆ ತಂದನು. ಇವರ ಬುದ್ಧಿ ಹಾಳಾಗಿಲ್ಲ, ವಿಚಾರವನ್ನು ಆರಂಭಿಸುವ ಉತ್ಸಾಹವೂ ನಡೆಸುವ ವೇಗವೂ ಕುಂದಿವೆ ಎಂಬುದು ಅವನ ಅಭಿಪ್ರಾಯವಾಗಿತ್ತು.

ಇಲ್ಲೊಂದು ತೊಡಕಿದೆ. ಕಂಪವಾತದವನ ಕೈಕಾಲು ನಾಲಿಗೆಗಳೇ ನಿಧಾನ. ಹೀಗಿರುವಲ್ಲಿ ಉತ್ತರ ತಡವಾದದ್ದು ನಾಲಿಗೆಯಿಂದಲೋ ಮನಸ್ಸಿನಿಂದಲೋ? ತಜ್ಞರು ಡೋಂಡರ್ಸನ ಕಳೆಯುವ ಲೆಕ್ಕವನ್ನೇ ಇಲ್ಲಿಗೂ ತಂದರು. ಸುಮ್ಮನೆ ಗುಂಡಿಯೊತ್ತುವ ಕಾಲವನ್ನು, ಯೋಚಿಸಿ ಗುಂಡಿಯೊತ್ತುವ ಕಾಲದಿಂದ ಕಳೆದರು. ಕೆಲವರ ಪ್ರಯೋಗದಲ್ಲಿ ವಿಚಾರವೂ ನಿಧಾನವಾಗಿರುವುದು ಕಂಡಿತು. ಬೇರೆ ಕೆಲವರು ಅದು ಮನಸ್ಸಿನ ಖಿನ್ನತೆಯ ಫಲವೆಂದರು. ಎಲ್ಲ ರೋಗಿಗಳಲ್ಲಿಯೂ ಇದು ಇರುವುದಿಲ್ಲವೆಂಬುದನ್ನು ಬಹುಮಂದಿ ಒಪ್ಪುತ್ತಾರೆ. 1964ರಲ್ಲಿ ಕೆನಡಾದ ಸ್ಟೀಲ್, ರಿಚರ್ಡ್‌ಸನ್, ಓಲ್‌ಶೆವ್‌ಸ್ಕಿ ಎಂಬವರು ಕಂಪವಾತವನ್ನೇ ಹೋಲುವ, ಕಣ್ಣುಗಳನ್ನು ಮೇಲೆ ಕೆಳಗೆ ತಿರುಗಿಸಲಾಗದ ಬೇರೊಂದು ರೋಗವನ್ನು ಗುರುತಿಸಿದರು. ಹತ್ತು ವರ್ಷಗಳ ಮೇಲೆ, 1974ರಲ್ಲಿ, ಮಾರ್ಟಿನ್ ಆಲ್ಬರ್ಟ್ ಮತ್ತು ಸಂಗಡಿಗರು ಅಂಥ ರೋಗಿಗಳ ಬಗ್ಗೆ ಬರೆಯುತ್ತ ಒಂದು ಮಹತ್ವದ ಸಂಗತಿಯನ್ನು ಹೇಳಿದರು: ಉತ್ತರಕ್ಕಾಗಿ ಅಸಾಧಾರಣವಾಗಿ ದೀರ್ಘಕಾಲ ಕಾದರೆ ಸರಿಯುತ್ತರವೇ ಬರುವುದುಂಟು. ಸಾಮಾನ್ಯ ಪರೀಕ್ಷೆಯಲ್ಲಿ ‘ಗೊತ್ತಿಲ್ಲ’ ಎಂದು ಗುರುತು ಬಿದ್ದ ಪ್ರಶ್ನೆಗಳಿಗೆ! ಪರೀಕ್ಷೆ ನಡೆಸುವ ವೃತ್ತಿಯವನಾದ ನನಗೆ ಇದು ಮನಸ್ಸಿನಲ್ಲಿ ನಾಟಿದೆ.

ಮರೆವಿಗೂ ಮಾಂದ್ಯಕ್ಕೂ ಇರುವ ಅಂತರವನ್ನು ಇದರಿಂದಲೇ ತಿಳಿಯಬೇಕು. ಅಲ್ಜೈಮರ್ ಎಂಬ ಮರೆವಿನ ರೋಗ ಬಲಿತವನಿಗೆ ಬೆಳಗಿನ ಉಪ್ಪಿಟ್ಟಿನ ನೆನಪು ಮಾಡಿಕೊಟ್ಟರೂ ಅದು ಅವನಲ್ಲಿಲ್ಲ, ಅಚ್ಚೇ ಬಿದ್ದಿಲ್ಲ. ಮಾಂದ್ಯದವನಿಗೆ ತುಸು ಸುಳಿವು ಕೊಟ್ಟರೆ, ಕಾದರೆ, ನೆನಪು ಬರುತ್ತದೆ. ವೈದ್ಯರು ಮಾಡುವ ಒಂದು ಸುಲಭ ಪರೀಕ್ಷೆಯುಂಟು: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ? ಆರೋಗ್ಯವಂತರು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಹೇಳಿಯಾರು. ನಮ್ಮ ಹಿರಿಯರು ಆಕಳು, ಎಮ್ಮಿ, ಎತ್ತು, ಆಡು ಎಂದು ನಾಲ್ಕು ಹೇಳಿ ನಿಂತರು. ನಿಮಿಷ ಮುಗಿಯಿತು. ವೈದ್ಯರು ಕಾಗದ ಮಡಚಿ ರಕ್ತದ ಒತ್ತಡ ನೋಡಲು ತೋಳಿಗೆ ಪಟ್ಟಿ ಸುತ್ತಿದರು. ಆಗ ಇವರು, “ಚಿಗರಿ. ರಾಣಿಬೆನ್ನೂರ ಕಡೆ ಭಾಳ ಅದಾವ” ಎಂದರು. ವೈದ್ಯರು ಪಟ್ಟಿಯನ್ನು ಹಾಗೆಯೇ ಬಿಟ್ಟು ಕಾಗದವನ್ನು ಮತ್ತೆ ಬಿಚ್ಚಿ ಅದನ್ನು ಬರೆದುಕೊಂಡರು. ಅನುಭವಸ್ಥ ವೈದ್ಯರೆಂದು ನನಗೆ ಆಗಲೇ ನಂಬಿಕೆ ಬಂತು.

ಅವರು ವೈದ್ಯರಲ್ಲಿಗೆ ಹೋಗುವಂತಾದದ್ದು ಒಂದು ಅವಮಾನದಿಂದ. ಇಬ್ಬರು ಮಕ್ಕಳು ಹೊಲದ ವಾಟಣಿ ಮಾಡಿಕೊಳ್ಳಲು ನಿಶ್ಚಯಿಸಿದರು. ಕಾಗದ ಸಿದ್ಧವಾಯಿತು, ಕಚೇರಿಗೆ ಹೋದರು. ಅಲ್ಲಿಯ ಒಬ್ಬರು ಮುದುಕರನ್ನು, “ಇದು ಏನ ಕಾಗದ ಅಂತ ಗೊತ್ತೈತೇನ್ರಿ? ನಿಮ್ಮ ರಾಜಿ ಐತೋ ಇಲ್ಲೋ?” ಎಂದು ಕೇಳಿದರು. ಉತ್ತರವಿಲ್ಲ. ಹಿಂದೆ ಸಾಲು ನಿಂತಿತ್ತು. “ಇವರ ಬುದ್ಧಿ ಸ್ಥಿಮಿತ ಇಲ್ಲ, ಕರ್ಕೊಂಡು ಹೋಗ್ರಿ” ಎಂದರು. ಮುದುಕರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡವರು ಕಿರಿಯ ಸೊಸೆ ಒಬ್ಬಳೇ. “ಮಾವಾರಿಗೆ ಎಲ್ಲಾ ತಿಳೀತೈತ್ರಿ, ನೀವು ತಡೀವಲ್ರಿ” ಎಂದು ಆಕೆ ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂದು ನಾನು ಆಮೇಲೆ ತೆಗೆದು ನೋಡಿದೆ. 1872ರ ಭಾರತೀಯ ಕರಾರು ಕಾಯಿದೆಯ 12ನೆಯ ಕಲಮು ಸ್ವಸ್ಥಚಿತ್ತವೆಂದರೇನೆಂಬುದನ್ನು ವಿವರಿಸುತ್ತದೆ. ಕರಾರು ಮಾಡಿಕೊಳ್ಳುವ ಸಮಯದಲ್ಲಿ ಅದನ್ನು ತಿಳಿದುಕೊಳ್ಳಲು, ಅದರಿಂದ ತನ್ನ ಹಿತಕ್ಕೆ ಏನಾಗುವುದೆಂದು ವಿವೇಚಿಸಿ ನಿರ್ಣಯಿಸಲು ಶಕ್ತಿಯಿರಬೇಕು. ಇಷ್ಟೇ. ಎಷ್ಟು ಸೆಕೆಂಡಿನಲ್ಲಿ ಉತ್ತರಿಸಬೇಕೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಪರೀಕ್ಷೆ ದೀರ್ಘವಾಗಿಯೇ ನಡೆಯಿತು. ಅವರಿಗೆ ನಡುಕ ಇರಲಿಲ್ಲ; ಆದ್ದರಿಂದ ಕಂಪವಾತದ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಆದರೆ ನಡೆಯುವಾಗ ಒಂದು ತೋಳು ಬೀಸುತ್ತಿರಲಿಲ್ಲ, ಹೆಜ್ಜೆ ಚಿಕ್ಕದಾಗಿತ್ತು, ಮುಖದಲ್ಲಿ ಭಾವವಿರಲಿಲ್ಲ, ಸಹಿಯ ಅಕ್ಷರಗಳು ಹೋಗಹೋಗುತ್ತ ಸಣ್ಣವಾಗಿದ್ದವು. ನಡುಕವಿಲ್ಲದ ಪಾರ್ಕಿನ್‌ಸನ್ ರೋಗವೂ ಉಂಟೆಂಬುದನ್ನು ವಾಚಕರು ನೆನಪಿಡಬೇಕು. ಇದರ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ತಲೆ ತಿರುಗುತ್ತದೆಂದು ಎಂದೋ ಬರೆಸಿಕೊಂಡ ಸಿನ್ನರಿಜಿನ್ ಎಂಬ ಗುಳಿಗೆಯನ್ನು ಅವರು ವರ್ಷಗಟ್ಟಲೆ ನುಂಗುತ್ತ ಬಂದಿದ್ದರು. ಈ ಗುಳಿಗೆಯೂ, ಇದರ ಬಂಧುವಾದ ಫ್ಲುನರಿಜಿನ್ ಎಂಬುದೂ, ಬಹಳ ದಿನ ತೆಗೆದುಕೊಂಡರೆ, ಅದರಲ್ಲಿಯೂ ವೃದ್ಧರಲ್ಲಿ, ಡೋಪಮಿನ್ನಿನ ಕೆಲಸಕ್ಕೆ ಅಡ್ಡಬಂದು ಕಂಪವಾತದಂಥ ಸ್ಥಿತಿಯನ್ನೇ ತರಬಲ್ಲವು, ಇದ್ದುದನ್ನು ಹೆಚ್ಚಿಸಬಲ್ಲವು. ವೈದ್ಯರು ಮೊದಲು ಅದನ್ನು ಬಿಡಿಸಿದರು. ಕೆಲವು ತಿಂಗಳು ಕಾದು ನೋಡಿ, ಪೂರ್ತಿ ಸರಿಯಾಗದಿದ್ದಾಗ ಲೆವೊಡೋಪ ಎಂಬ ಔಷಧವನ್ನು ಆರಂಭಿಸಿದರು.

ಈ ಲೆವೊಡೋಪದ ಕಥೆಯಲ್ಲಿ ನಮ್ಮ ನಾಡಿನ ಎರಡು ಗಿಡಗಳ ಪಾತ್ರವಿದೆ. ಒಂದು ಸರ್ಪಗಂಧಿ. ಹುಚ್ಚಿಗೂ ನಿದ್ರಾನಾಶಕ್ಕೂ ಹಿಂದಿನಿಂದ ಕೊಡುತ್ತಿದ್ದ ಬೇರು ಅದು. ಅದರಿಂದ 1952ರಲ್ಲಿ ಸ್ವಿಟ್ಜರ್ಲಂಡಿನಲ್ಲಿ ರೆಸರ್ಪಿನ್ ಎಂಬ ಸತ್ವವನ್ನು ತೆಗೆದರು. ರಕ್ತದ ಒತ್ತಡಕ್ಕೆ ಅದನ್ನು ಕೊಟ್ಟಾಗ ಕೆಲವರು ಮಂಕಾಗುತ್ತಿದ್ದರು. 1957ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ಸಂಗಡಿಗರು ಮೊಲಗಳಿಗೆ ಅದನ್ನು ಚುಚ್ಚಿದರು. ಮೊಲಗಳು ಕಿವಿ ಜೋಲುಬಿಟ್ಟು ಅಲುಗದೆ ಬಿದ್ದುಕೊಂಡವು. ಬಳಿಕ ಡೋಪ ಎಂಬ ದ್ರವ್ಯವನ್ನು ಚುಚ್ಚಿದಾಗ ಅವು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು. ಕಾರ್ಲ್‌ಸನ್ನನಿಗೆ 2000ನೆಯ ಇಸವಿಯಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಎರಡನೆಯ ಗಿಡವು ನಮ್ಮ ಬೇಲಿಯ ನಸಗುನ್ನಿ, ಸಂಸ್ಕೃತದ ಕಪಿಕಚ್ಛು. ಕಾಯಿಯ ಮೇಲಿನ ಕೂದಲು ತಾಗಿದರೆ ಮೈಯೆಲ್ಲ ತುರಿಕೆ. ಹುಡುಗರು ಒಬ್ಬರ ಅಂಗಿಯೊಳಗೆ ಇನ್ನೊಬ್ಬರು ಹಾಕಿ ಹೊಡೆತ ತಿನ್ನುವ ವಸ್ತು. ಅದರ ಬೀಜವು ಆಯುರ್ವೇದದಲ್ಲಿ ವಾತಹರವೆಂದು ಪ್ರಸಿದ್ಧ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಲ್ಲಿ ಇದೇ ಲೆವೊಡೋಪವಿರುವುದನ್ನು ಕಂಡುಹಿಡಿದು ಪ್ರಕಟಿಸಿದರು. ಕಂಪವಾತಕ್ಕೂ ಡೋಪಮಿನ್ನಿಗೂ ಇರುವ ನಂಟು ಆಗ ಯಾರಿಗೂ ಗೊತ್ತಿರಲಿಲ್ಲ. 1960ರಲ್ಲಿ ವಿಯೆನ್ನಾದ ಹಾರ್ನಿಕಿವಿಚ್ ಮೃತ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಬತ್ತಿರುವುದನ್ನು ತೋರಿಸಿದನು. 1967ರಲ್ಲಿ ಅಮೇರಿಕೆಯ ಕೋಟ್ಸಿಯಾಸ್ ದೊಡ್ಡ ಪ್ರಮಾಣದಲ್ಲಿ ಬಾಯಿಂದ ಕೊಟ್ಟು ಗುಣ ಕಂಡನು. 1969ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಆ ಹಳೆಯ ನಿದ್ರಾಜ್ವರದಿಂದ ದಶಕಗಳ ಕಾಲ ಸ್ತಬ್ಧರಾಗಿದ್ದವರಿಗೆ ಆಲಿವರ್ ಸ್ಯಾಕ್ಸ್ ಎಂಬ ವೈದ್ಯನು ಇದನ್ನು ಕೊಟ್ಟಾಗ ಅವರು ಎದ್ದು ಮಾತಾಡಿದರು. ದುರ್ದೈವದಿಂದ ಬಹಳ ಜನರಲ್ಲಿ ಆ ಚೇತರಿಕೆ ನಿಲ್ಲಲಿಲ್ಲ. ಆತನು 1973ರಲ್ಲಿ ಬರೆದ ‘ಅವೇಕನಿಂಗ್ಸ್’ ಎಂಬ ಪುಸ್ತಕದಲ್ಲಿ ಇದರ ವೃತ್ತಾಂತವಿದೆ.

ಇದನ್ನು ಓದಿ ಯಾರೂ ಬೇಲಿಯ ನಸಗುನ್ನಿಯ ಬೀಜವನ್ನು ಕುಟ್ಟಿ ಕುಡಿಯಬಾರದು. ಬೀಜದಿಂದ ಬೀಜಕ್ಕೆ ಸತ್ವದ ಪ್ರಮಾಣ ಬೇರೆ. ವಾಂತಿ, ರಕ್ತದೊತ್ತಡದ ಇಳಿತ, ಭ್ರಮೆ ಇವು ಬರಬಹುದು. ವೈದ್ಯರು ಕೊಟ್ಟ ಗುಳಿಗೆಯ ಜೊತೆಗೆ ಸೇರಿದರೆ ಲೆಕ್ಕ ತಪ್ಪುತ್ತದೆ.

ಲೆವೊಡೋಪದಿಂದ ನಮ್ಮ ಹಿರಿಯರ ನಡಿಗೆ ಸುಧಾರಿಸಿತು, ತೋಳು ಬೀಸತೊಡಗಿತು. ವಿಚಾರದ ವೇಗ ಅಷ್ಟಾಗಿ ಹೆಚ್ಚಲಿಲ್ಲ. ಇದು ಸಾಮಾನ್ಯವಾಗಿ ಕಂಡುಬರುವ ಸಂಗತಿಯೇ. ಚಲನೆಗೆ ಒಗ್ಗುವಷ್ಟು ಈ ಔಷಧವು ವಿಚಾರಕ್ಕೆ ಒಗ್ಗುವುದಿಲ್ಲ. ಮನೆಯವರ ರೀತಿ ಬದಲಾದದ್ದರಿಂದ ಹೆಚ್ಚಿನ ಪ್ರಯೋಜನವಾಯಿತು. ಸೊಸೆಯು “ಮಾವಾರ, ರೊಟ್ಟಿ ಹಾಕ್ಲೋ ಅನ್ನ ಹಾಕ್ಲೋ, ಮಜ್ಜಿಗಿ ಬೇಕೋ, ಗುಳಿಗಿ ತಗೊಂಡ್ರೋ” ಎಂದು ಒಂದೇ ಉಸಿರಿನಲ್ಲಿ ಕೇಳುವುದನ್ನು ಬಿಟ್ಟು, “ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳಿ, ಕೈಯಲ್ಲಿಯ ಕೆಲಸ ಮಾಡುತ್ತ ಕಾಯತೊಡಗಿದಳು. ಕಾಯುವುದೆಂದರೆ ಎದುರಿಗೆ ಕಣ್ಣಿಟ್ಟು ನಿಲ್ಲುವುದಲ್ಲ. ಅದರಿಂದ ಗಾಬರಿಯಾಗಿ ಇನ್ನಷ್ಟು ತಡವಾಗುತ್ತದೆ. ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳಿದರೂ ತಪ್ಪೇ, ಏಕೆಂದರೆ ಅವರು ಮೊದಲಿನಿಂದ ಯೋಚಿಸಬೇಕಾಗುತ್ತದೆ. ಉತ್ತರದ ನಡುವೆ ಶಬ್ದ ತುಂಬಿಕೊಡುವ ಚಟವು ಮಾಸ್ತರರಲ್ಲಿ ಎಲ್ಲರಿಗಿಂತ ಹೆಚ್ಚು.

ಆರು ತಿಂಗಳ ಮೇಲೆ ವೈದ್ಯರ ಪತ್ರವನ್ನು ತೆಗೆದುಕೊಂಡು ಅದೇ ಕಚೇರಿಗೆ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಹೋದರು. ಅಧಿಕಾರಿಗಳು ಬೇರೆಯವರು ಬಂದಿದ್ದರು. ಕುರ್ಚಿ ಹಾಕಿಸಿ ಕಾಗದವನ್ನು ಓದಿಸಿ ಕಾದರು. ಬಹಳ ಹೊತ್ತಿನ ಮೇಲೆ ಮುದುಕರು ಮಾತಾಡಿದರು: “ರಾಜಿ ಐತ್ರಿ. ಆದ್ರ ಬಡಗಣ ಚಕ್ಕಬಂದಿ ತಪ್ಪೈತಿ. ಅಲ್ಲಿ ಹಳ್ಳ ಐತಿ, ದಾರಿ ಅಲ್ಲ.” ನೋಡಿದರೆ ನಿಜವಾಗಿಯೂ ತಪ್ಪಿತ್ತು. ಕಾಗದ ಬರೆಸಿದ ಇಬ್ಬರು ಮಕ್ಕಳಿಗೂ ಅದು ಕಂಡಿರಲಿಲ್ಲ.

ಕಂಪವಾತವೊಂದೇ ಇದಕ್ಕೆ ಕಾರಣವಲ್ಲ. ಉಳಿದವುಗಳಲ್ಲಿ ಕೆಲವು ಪೂರ್ತಿ ಗುಣವಾಗತಕ್ಕವು. ಎಲ್ಲಕ್ಕೂ ಮುಖ್ಯವಾದುದು ಕೊರಳಿನ ಥೈರಾಯ್ಡ್ ಗ್ರಂಥಿ. ಅದರ ರಸ ಕಡಿಮೆಯಾದರೆ ಮೈಯೊಳಗಿನ ಸಮಸ್ತ ಕಾರ್ಯಗಳೂ ನಿಧಾನವಾಗುತ್ತವೆ: ನಾಡಿ, ಕರುಳು, ಮಾತು, ವಿಚಾರ. ಇದು ಹೆಂಗಸರಲ್ಲಿ ಹೆಚ್ಚು. ಮುಖ ಊದಿದಂತೆ, ಚರ್ಮ ಒಣಗಿದಂತೆ, ಧ್ವನಿ ಗೊಗ್ಗರಾದಂತೆ; ಬೇಸಿಗೆಯಲ್ಲಿಯೂ ಕಂಬಳಿ ಬೇಕು. ಎಷ್ಟೋ ಮನೆಗಳಲ್ಲಿ ಇಂಥ ಸೊಸೆಯನ್ನು ಸೋಮಾರಿಯೆಂದು ಅತ್ತೆ ಬಯ್ಯುತ್ತಿರುತ್ತಾಳೆ. 1873ರಲ್ಲಿ ಲಂಡನ್ನಿನ ಗಲ್ ಎಂಬ ವೈದ್ಯನು ಈ ಸ್ಥಿತಿಯನ್ನು ವರ್ಣಿಸಿದನು. 1891ರಲ್ಲಿ ಜಾರ್ಜ್ ಮರೆ ಎಂಬವನು ಕುರಿಯ ಗ್ರಂಥಿಯ ರಸವನ್ನು ಒಬ್ಬ ಹೆಣ್ಣುಮಗಳಿಗೆ ಚುಚ್ಚಿ ಗುಣಪಡಿಸಿದನು; ಅಂಥ ರಸದ ಬಲದಿಂದಲೇ ಆಕೆ ಮುಂದೆ ಇಪ್ಪತ್ತೆಂಟು ವರ್ಷ ಬಾಳಿದಳು. ಈಗ ಟಿ. ಎಸ್. ಎಚ್. ಎಂಬ ಒಂದು ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆ ಸಾಕಾಗುತ್ತದೆ.

ಬಿ-12 ಎಂಬ ಜೀವಸತ್ವದ ಕೊರತೆ ಇನ್ನೊಂದು. ಹಾಲುಮೊಸರೂ ಕಡಿಮೆ ತೆಗೆದುಕೊಳ್ಳುವ ಶಾಕಾಹಾರಿಗಳು ಇದನ್ನು ನೆನೆಯಬೇಕು. ಬಚ್ಚಲಲ್ಲಿ ಜಾರಿ ತಲೆಗೆ ತುಸು ಪೆಟ್ಟಾಗಿ, ಏನೂ ಆಗಲಿಲ್ಲವೆಂದು ಎಲ್ಲರೂ ಮರೆತ ಕೆಲವು ವಾರಗಳ ಮೇಲೆ ಮುದುಕರು ಮಂಕಾಗಿ ತೂಕಡಿಸತೊಡಗಿದರೆ, ತಲೆಬುರುಡೆಯ ಒಳಗೆ ಮೆಲ್ಲನೆ ರಕ್ತ ಸಂಗ್ರಹವಾಗಿರಬಹುದು. ಇಲ್ಲಿ ಮಾತ್ರ ನಿಧಾನ ಸಲ್ಲದು. ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮನಸ್ಸಿನ ಖಿನ್ನತೆಯಲ್ಲಿಯೂ ಮಾತು ವಿಚಾರಗಳು ಎಷ್ಟು ಮಂದವಾಗುತ್ತವೆಂದರೆ ಮರೆವಿನ ರೋಗವೆಂದೇ ಭ್ರಮೆಯಾಗುತ್ತದೆ. ಚಿಕಿತ್ಸೆಯಿಂದ ಅದು ತಿಳಿಯಾಗುತ್ತದೆ. ನಿದ್ರೆಯ ಗುಳಿಗೆಗಳು, ನೆಗಡಿಯ ಕೆಲವು ಗುಳಿಗೆಗಳು ಕೂಡ ಇದೇ ಸಾಲಿನಲ್ಲಿ ಬರುತ್ತವೆ.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಧಾರವಾಡದ, 1845ರಷ್ಟು ಹಳೆಯದಾದ ಮಾನಸಿಕ ಆಸ್ಪತ್ರೆಯು ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಡಿಮ್ಹಾನ್ಸ್. ಹುಚ್ಚರ ಆಸ್ಪತ್ರೆಯೆಂಬ ಹಳೆಯ ಹೆಸರಿಗೆ ಹೆದರಿ ನಮ್ಮ ಕಡೆಯ ಜನ ಅದರ ಮೆಟ್ಟಿಲು ಹತ್ತಲು ಇನ್ನೂ ಹಿಂದೆಗೆಯುತ್ತಾರೆ. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಂತೂ ಹಾವೇರಿಯಿಂದ ಎರಡು ತಾಸಿನ ದಾರಿ.

ಹೋಗುವಾಗ ಮನೆಯಲ್ಲಿರುವ ಗುಳಿಗೆಗಳ ಪೊಟ್ಟಣಗಳನ್ನೆಲ್ಲ, ಬಿಟ್ಟವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನಿಧಾನ ಎಂದಿನಿಂದ ಕಂಡಿತು, ಒಮ್ಮೆಲೇ ಬಂತೋ ಮೆಲ್ಲಗೆ ಬಂತೋ, ಬೀಳುವಿಕೆ ಏನಾದರೂ ಆಗಿತ್ತೋ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು. ಸಾಧ್ಯವಾದರೆ ಐದು ವರ್ಷದ ಹಿಂದಿನ ಒಂದು ಸಹಿ, ಈಗಿನ ಒಂದು ಸಹಿ. ಮತ್ತು ವೈದ್ಯರು ರೋಗಿಯನ್ನು ಪ್ರಶ್ನೆ ಕೇಳಿದಾಗ ಜೊತೆಯಲ್ಲಿ ಹೋದವರು ಉತ್ತರ ಹೇಳಬಾರದು.